ಟ್ರಾಫಿಕ್ ಸ್ಟಾಪ್‌ನಲ್ಲಿ ಪೊಲೀಸರು ಮೈದುನನ ಕೈ ಮುರಿದರು: ಫೆಡರಲ್ ಕೋರ್ಟಿನಲ್ಲಿ ಯಾರ ಮೇಲೆ ಕೇಸ್ ಹಾಕಬೇಕು?

ಸುಮಾ:
ನಾವಿರೋದು ಟೆಕ್ಸಸ್‌ನಲ್ಲಿ. ಕಾರಿನ ಹಿಂದಿನ ಲೈಟ್ ಉರೀತಿಲ್ಲ ಅಂತ ನನ್ನ ಮೈದುನನನ್ನ ನಿಲ್ಲಿಸಿದ್ರು. ಲೈಸೆನ್ಸ್ ತೆಗೆಯೋಕೆ ಜೇಬಿಗೆ ಕೈ ಹಾಕಿದವನನ್ನ ನೆಲಕ್ಕೆ ಕೆಡವಿ ಮುಂಗೈ ಮುರಿದ್ರು. ಬಂಧನಕ್ಕೆ ಅಡ್ಡಿ ಮಾಡಿದ ಅಂತ ಅವನ ಮೇಲೇ ಕೇಸು ಬೇರೆ. ಪೊಲೀಸ್ ಇಲಾಖೆ ಮೇಲೆ ಫೆಡರಲ್ ಕೋರ್ಟಿಗೆ ಹೋಗಬಹುದಾ?

ಗಿರಿಜಾ:
ಸುಮಾ ಅವರೇ, ಓದಿ ಹೊಟ್ಟೆ ಉರೀತು. ಇಂಥ ಕೇಸುಗಳನ್ನೇ ನಡೆಸೋ ವಕೀಲರ ಆಫೀಸಿನಲ್ಲಿ ಪ್ಯಾರಾಲೀಗಲ್, ಅಂದ್ರೆ ವಕೀಲರ ಸಹಾಯಕಿ, ಆಗಿದ್ದೀನಿ. ಖಂಡಿತ ಹೋಗಬಹುದು. ದಾರಿ ಸೆಕ್ಷನ್ 1983, ಸರ್ಕಾರಿ ಅಧಿಕಾರ ಬಳಸಿ ಸಂವಿಧಾನದ ಹಕ್ಕು ಮುರಿದವರ ಮೇಲೆ ದಾವೆ ಹಾಕೋಕೆ ಇರೋ ಫೆಡರಲ್ ಕಾನೂನು. ಕಪ್ಪು ಜನರ ಮೇಲೆ ದಾಳಿ ಮಾಡ್ತಿದ್ದ ಕು ಕ್ಲಕ್ಸ್ ಕ್ಲಾನ್ ಗುಂಪಿನ ಹಾವಳಿ ತಡೆಯೋಕೆ 1871ರಲ್ಲಿ ಬಂದದ್ದು. ಆ ಅಧಿಕಾರಿಯನ್ನ ಹೆಸರು ಹಿಡಿದು ಪ್ರತಿವಾದಿ ಮಾಡಿ. ಇಲಾಖೆಯನ್ನಷ್ಟೇ ಹೆಸರಿಸಿದ್ರೆ, ಅದಕ್ಕೆ ಸಿಟಿಯಿಂದ ಬೇರೆಯಾದ ಅಸ್ತಿತ್ವ ಇಲ್ಲ ಅಂತ ವಜಾ ಮಾಡಿಸ್ತಾರೆ. ಸಿಟಿ ಮೇಲೂ ಹಾಕಬಹುದು, ಆದರೆ 1978ರ ಮೊನೆಲ್ ತೀರ್ಪಿನ ಪ್ರಕಾರ ಅವನು ಸಿಟಿ ನೌಕರ ಅನ್ನೋದೊಂದೇ ಸಾಲದು. ಸಿಟಿಯ ನೀತಿಯಿಂದಲೋ ಅಲ್ಲಿ ರೂಢಿಯಾಗಿರೋ ನಡವಳಿಕೆಯಿಂದಲೋ ಹೀಗಾಯ್ತು ಅಂತ ತೋರಿಸಬೇಕು. ಕಷ್ಟ ಇರೋದು ಇಲ್ಲೇ.

ಮೊದಲು ವಕೀಲರಿಂದ ಸಿಟಿಗೆ ಪತ್ರ ಹಾಕಿಸಿ, ಬಾಡಿ ಕ್ಯಾಮೆರಾ ವಿಡಿಯೊ ಅಳಿಸಬೇಡಿ ಅಂತ. ಕೈ ಯಾವ ಕಡೆ ಹೋಯ್ತು, ಅಧಿಕಾರಿ ಯಾವಾಗ ಏನು ಕೂಗಿದ, ಕೂಗಿದ ಮೇಲೆ ಎಷ್ಟು ಸೆಕೆಂಡಿಗೆ ಕೆಡವಿದ, ಎಲ್ಲವನ್ನೂ ನಾವು ನಿಲ್ಲಿಸಿ ನಿಲ್ಲಿಸಿ ನೋಡ್ತೀವಿ.

ರವೀಂದ್ರ:
ಕ್ವಾಲಿಫೈಡ್ ಇಮ್ಯೂನಿಟಿ, ಅಂದ್ರೆ ಸಿವಿಲ್ ದಾವೆಯಿಂದ ಅಧಿಕಾರಿಗಳಿಗೆ ಸಿಗೋ ರಕ್ಷಣೆ, ಇರುವಾಗ ಇದೆಲ್ಲ ಎಲ್ಲಿ ನಡೆಯುತ್ತೆ? 2015ರಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ, ಮಗನ ಮನೆಗೆ ಬಂದಿದ್ದ ಗುಜರಾತಿ ಅಜ್ಜನನ್ನ ಪೊಲೀಸ್ ನೆಲಕ್ಕೆ ಬಡಿದ. ಕೊನೆಗೆ ಖುಲಾಸೆಯಾಗಿ ಹೊರಗೆ ಬಂದ.

ಗಿರಿಜಾ:
ರವೀಂದ್ರ ಅವರೇ, ಖುಲಾಸೆ ಆಗಿದ್ದು ಕ್ರಿಮಿನಲ್ ಕೇಸಿನಲ್ಲಿ. ಸಿವಿಲ್ ಕೇಸಿನ ಕಥೆಯೇ ಬೇರೆ. ಆ ಅಧಿಕಾರಿಗೆ ಇಮ್ಯೂನಿಟಿ ಸಲ್ಲಲ್ಲ ಅಂತ 2020ರಲ್ಲಿ ಹನ್ನೊಂದನೇ ಸರ್ಕ್ಯೂಟ್ ಕೋರ್ಟ್, ಅಂದ್ರೆ ಅಲಬಾಮಾ ಸೇರೋ ಫೆಡರಲ್ ಅಪೀಲು ಕೋರ್ಟ್, ಹೇಳಿತು. ಆಮೇಲೆ 17.5 ಲಕ್ಷ ಡಾಲರಿಗೆ ರಾಜಿಯಾಯ್ತು. ಅಲ್ಲೂ ವಿಡಿಯೊ ಇತ್ತು. ಹಣದಿಂದ ಆ ಅಜ್ಜನ ಮೈಗೆ ಮೊದಲಿನ ಶಕ್ತಿ ಬರಲಿಲ್ಲ, ಅದೂ ನಿಜ.

ಸುಮಾ:
ದಂಡ ಕಟ್ಟಿ ತಪ್ಪೊಪ್ಪಿಕೊಂಡು ಬಿಡು, ಮುಗಿಯುತ್ತೆ ಅಂತಿದ್ದಾರೆ ಮನೆಯಲ್ಲಿ.

ಗಿರಿಜಾ:
ದಯವಿಟ್ಟು ಬೇಡ. ಅಡ್ಡಿ ಮಾಡಿದ್ದು ನಿಜ ಅಂತ ಒಪ್ಪಿಕೊಂಡ್ರೆ, 1994ರ ಹೆಕ್ ತೀರ್ಪು (ಅಪರಾಧಿ ಅನ್ನೋ ತೀರ್ಪು ನಿಂತಿರುವಾಗ ಅದನ್ನ ಸುಳ್ಳು ಮಾಡೋ ಸಿವಿಲ್ ದಾವೆ ನಡೆಯಲ್ಲ ಅನ್ನೋದು) ತೋರಿಸಿ ಸಿವಿಲ್ ಕೇಸನ್ನೇ ತಡೀಬಹುದು. ಅವನ ಕ್ರಿಮಿನಲ್ ವಕೀಲರೂ ಸಿವಿಲ್ ವಕೀಲರೂ ಮೊದಲು ಮಾತಾಡಿಕೊಳ್ಳಲಿ. ಟೆಕ್ಸಸ್‌ನಲ್ಲಿ ದಾವೆಗೆ ಇರೋ ಗಡುವು 2 ವರ್ಷ. ಗೆದ್ದರೆ ವಕೀಲರ ಫೀಸನ್ನ ಎದುರು ಪಕ್ಷದಿಂದ ಕೊಡಿಸೋಕೆ ಕೋರ್ಟಿಗೆ ಅಧಿಕಾರ ಇದೆ, ಹಾಗಾಗಿ ದುಡ್ಡಿಲ್ಲ ಅಂತ ಹಿಂಜರಿಯಬೇಡಿ.