ರೆಡ್ ಇಂಕ್ ಎಂಟ್ರಿಗಳಿಂದಾಗಿ ಸೇನೆ ಬಿಡಬೇಕಾದ ತಮ್ಮನಿಗೆ ಮೇಲ್ಮನವಿಯ ದಾರಿ ಇದೆಯೇ?

ಪ್ರಶ್ನೆ: ಬ್ರಹ್ಮಾವರದ ಅಕ್ಕ

ಎಲ್ಲರಿಗೂ ನಮಸ್ಕಾರ. ಭೂಸೇನೆಯಲ್ಲಿ 14 ವರ್ಷ 2 ತಿಂಗಳು ಸಿಪಾಯಿಯಾಗಿದ್ದ ನನ್ನ ತಮ್ಮನನ್ನು ಈ ಜನವರಿಯ ಕೊನೆಯಲ್ಲಿ ಡಿಸ್ಚಾರ್ಜ್ ಮಾಡಿ ಮನೆಗೆ ಕಳುಹಿಸಿದ್ದಾರೆ. ಪಿಂಚಣಿಗೆ ಬೇಕಾದ 15 ವರ್ಷ ತುಂಬಲು ಇನ್ನು ಹತ್ತೇ ತಿಂಗಳು ಬಾಕಿ ಇತ್ತು. ಅವನ ಕಂಡಕ್ಟ್ ಶೀಟಿನಲ್ಲಿ, ಅಂದರೆ ನಡತೆಯ ದಾಖಲೆಯಲ್ಲಿ, ನಾಲ್ಕು ರೆಡ್ ಇಂಕ್ ಎಂಟ್ರಿಗಳು (ಶಿಕ್ಷೆಯಾದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ನಮೂದಿಸಿದ್ದು) ಇವೆ ಎಂಬುದೇ ಕಾರಣವಂತೆ. ಮೊದಲನೆಯದು 2015ರಲ್ಲಿ ಬ್ಯಾರಕ್ಕಿನಲ್ಲಿ ಕುಡಿದದ್ದಕ್ಕೆ ಬಂದದ್ದು. ಆ ತಪ್ಪನ್ನು ಅವನೂ ಒಪ್ಪುತ್ತಾನೆ, ನಾವೂ ಸಮರ್ಥಿಸುವುದಿಲ್ಲ. ಉಳಿದ ಮೂರೂ ರಜೆ ಮುಗಿದ ಮೇಲೆ ತಡವಾಗಿ ಹಿಂದಿರುಗಿದ್ದಕ್ಕೆ ಬಂದವು. 2019ರಲ್ಲಿ ಅಮ್ಮ ತೀರಿಕೊಂಡಾಗ ಉತ್ತರಕ್ರಿಯೆ ಮುಗಿಸಿ ಹೊರಡುವಷ್ಟರಲ್ಲಿ 9 ದಿನ, 2022ರಲ್ಲಿ ಅಪ್ಪನಿಗೆ ಪಾರ್ಶ್ವವಾಯು ಬಡಿದಾಗ 21 ದಿನ, ಕಳೆದ ವರ್ಷ ಅಪ್ಪ ಮತ್ತೆ ಆಸ್ಪತ್ರೆ ಸೇರಿದಾಗ 26 ದಿನ ತಡವಾಯಿತು. ಪ್ರತಿ ಸಲವೂ ಅವನು ತಾನಾಗಿಯೇ ಯೂನಿಟ್‌ಗೆ ಹೋಗಿ ಹಾಜರಾಗಿದ್ದಾನೆ, ಕೊಟ್ಟ ಶಿಕ್ಷೆಯನ್ನು ಅನುಭವಿಸಿದ್ದಾನೆ. ನಾನು ಆಗ ಗಂಡನ ಮನೆ ಸಾಗರದಲ್ಲಿದ್ದೆ. ಅಪ್ಪನನ್ನು ಹಾಸಿಗೆಯಿಂದ ಎತ್ತಿ ಕೂರಿಸಲು ಊರಿನಲ್ಲಿ ಬೇರೆ ಯಾರೂ ಇರಲಿಲ್ಲ.

ನವೆಂಬರಿನಲ್ಲಿ ಶೋಕಾಸ್ ನೋಟಿಸ್ ಬಂದಾಗ, ತಪ್ಪಾಗಿದೆ, ಕ್ಷಮಿಸಬೇಕು ಎಂಬ ಅರ್ಥದ ಎರಡು ಸಾಲನ್ನು ಬೇರೆಯವರು ಇಂಗ್ಲಿಷಿನಲ್ಲಿ ಬರೆದುಕೊಟ್ಟರು, ಇವನು ಸಹಿ ಹಾಕಿದ. ಅಪ್ಪನ ಕಾಯಿಲೆಯ ವಿಷಯ ಅದರಲ್ಲಿ ಒಂದಕ್ಷರವೂ ಇಲ್ಲ. ವಿಚಾರಣೆ ಎಂದು ಯಾರಾದರೂ ಕೂರಿಸಿ ಕೇಳಿದರೇ ಎಂದರೆ, ತನಗೆ ನೆನಪಿಲ್ಲ ಎನ್ನುತ್ತಾನೆ.

ಈಗ ಪಿಂಚಣಿಯೂ ಇಲ್ಲ. ಮಾಜಿ ಸೈನಿಕರಿಗೆ ಮೀಸಲಾದ ಕಾವಲುಗಾರನ ಕೆಲಸವೊಂದಕ್ಕೆ ಅರ್ಜಿ ಹಾಕಿದರೆ, ಡಿಸ್ಚಾರ್ಜ್ ಕಾಗದ ನೋಡಿ ಹಿಂದಕ್ಕೆ ಕೊಟ್ಟರು. ಆ ದಿನದಿಂದ ಅವನು ಮನೆಯಿಂದ ಹೊರಗೆ ಬರುವುದೇ ಕಡಿಮೆಯಾಗಿದೆ. ಈ ಆದೇಶವನ್ನು ಪ್ರಶ್ನಿಸಲು ಸಾಧ್ಯವೇ? ಎಲ್ಲಿ, ಎಷ್ಟು ಸಮಯದೊಳಗೆ? ತಪ್ಪು ಒಪ್ಪಿಕೊಂಡು ಸಹಿ ಹಾಕಿದ ಮೇಲೆ ನಮಗೆ ಹೇಳಲು ಏನಾದರೂ ಉಳಿದಿದೆಯೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಸುಬೇದಾರ್, ಕಾರ್ಕಳ

ತಂಗಿ, ನಾನು 28 ವರ್ಷ ಸೇವೆ ಮಾಡಿದವನು, ಅದರಲ್ಲಿ ಬಹುಪಾಲು ಯೂನಿಟ್ ಕಚೇರಿಯ ಕಾಗದಪತ್ರಗಳ ನಡುವೆ ಕಳೆದವನು. ನಿನ್ನ ತಮ್ಮನಂಥವರ ಫೈಲುಗಳು ನನ್ನ ಕೈಯಿಂದಲೇ ಹಾದುಹೋಗಿವೆ. ಆದ್ದರಿಂದ ತಿಳಿದಷ್ಟನ್ನು ಸ್ಪಷ್ಟವಾಗಿ ಹೇಳುತ್ತೇನೆ.

ಮೊದಲು ಅವನನ್ನು ವಜಾ ಮಾಡಿದ್ದಾರೆಯೋ ಡಿಸ್ಚಾರ್ಜ್ ಮಾಡಿದ್ದಾರೆಯೋ ಎಂಬುದನ್ನು ಕಾಗದ ಎದುರಿಗಿಟ್ಟುಕೊಂಡು ನೋಡು. ಊರಿನಲ್ಲಿ ಎರಡಕ್ಕೂ 'ಮಿಲಿಟರಿಯಿಂದ ತೆಗೆದರು' ಎಂದೇ ಹೇಳುತ್ತಾರೆ, ಆದರೆ ಕಾನೂನಿನಲ್ಲಿ ಇವು ಬೇರೆ ಬೇರೆ. 1950ರ ಸೇನಾ ಕಾಯ್ದೆಯ 20ನೇ ಕಲಮಿನ ಕೆಳಗೆ ವಜಾ ಆದವನಿಗೆ ಹಿಂದಿನ ಸೇವೆಯ ಪಿಂಚಣಿ, ಗ್ರಾಚ್ಯುಯಿಟಿಯ ಹಕ್ಕು ಹೋಗುತ್ತದೆ. ಡಿಸ್ಚಾರ್ಜ್ ಆದವನಿಗೆ, ಅರ್ಹತೆಯಷ್ಟು ಸೇವೆ ಇದ್ದರೆ, ಆ ಹಕ್ಕು ಉಳಿಯುತ್ತದೆ. ನೀನು ಹೇಳುವುದನ್ನು ಕೇಳಿದರೆ ಇದು 1954ರ ಸೇನಾ ನಿಯಮಗಳ 13ನೇ ನಿಯಮದ ಕೆಳಗಿನ ಡಿಸ್ಚಾರ್ಜ್ ಇರಬೇಕು. ಅದರ ಪಟ್ಟಿಯಲ್ಲಿ ಮೂರನೇ ವರ್ಗದ ಐದನೆಯ ಬಾಬು ಎಂದು ಒಂದಿದೆ. ಬೇರೆಲ್ಲೂ ಸೇರದ ಪ್ರಕರಣಗಳು ಅಲ್ಲಿಗೆ ಬರುತ್ತವೆ. ಅದಕ್ಕೆ ಆದೇಶ ಕೊಡಬೇಕಾದವರು ಬ್ರಿಗೇಡ್ ಅಥವಾ ಸಬ್ ಏರಿಯಾ ಕಮಾಂಡರ್. ಆದೇಶದಲ್ಲಿ ಯಾರ ಸಹಿ ಇದೆ ನೋಡು.

ಅದೇ ಕಾಯ್ದೆಯ 23ನೇ ಕಲಮಿನಂತೆ, ಸೇವೆಯಿಂದ ಹೊರಬರುವ ಪ್ರತಿಯೊಬ್ಬ ಜವಾನನಿಗೂ ಅವನ ಮಾತೃಭಾಷೆಯಲ್ಲಿ ಮತ್ತು ಇಂಗ್ಲಿಷಿನಲ್ಲಿ ಒಂದು ಪ್ರಮಾಣಪತ್ರ ಕೊಡಬೇಕು. ಸೇವೆಯನ್ನು ಕೊನೆಗೊಳಿಸಿದ ಅಧಿಕಾರಿ ಯಾರು, ಕಾರಣ ಏನು, ಒಟ್ಟು ಸೇವೆ ಎಷ್ಟು ಎಂಬ ಮೂರೂ ಅದರಲ್ಲಿರಬೇಕು. ಕನ್ನಡದ ಪ್ರತಿ ಅವನ ಬಳಿ ಇದೆಯೇ?

ಇನ್ನು ರೆಡ್ ಇಂಕ್ ವಿಷಯ. 'ನಾಲ್ಕಾಯಿತು, ಇನ್ನು ಮನೆಗೆ' ಎಂಬ ಮಾತು ಯೂನಿಟ್‌ಗಳಲ್ಲಿ ಎಷ್ಟು ಬೇರೂರಿದೆಯೆಂದರೆ ಜವಾನರು ಅದನ್ನೇ ಕಾನೂನೆಂದು ನಂಬಿದ್ದಾರೆ. ಅದು ಕಾನೂನಲ್ಲ. 1988ರ ಡಿಸೆಂಬರ್ 28ರಂದು ಸೇನಾ ಮುಖ್ಯ ಕಚೇರಿ ಹೊರಡಿಸಿದ ನೀತಿಪತ್ರವೇ ಬೇರೆ ರೀತಿ ಹೇಳುತ್ತದೆ. ನಾಲ್ಕು ಎಂಟ್ರಿಗಳಾದ ಮಾತ್ರಕ್ಕೆ ಡಿಸ್ಚಾರ್ಜ್ ಕಡ್ಡಾಯವಲ್ಲ. ಒಂದೊಂದು ಎಂಟ್ರಿಯ ಹಿಂದಿನ ತಪ್ಪು ಯಾವ ಸ್ವರೂಪದ್ದೆಂದು ನೋಡಬೇಕು. ಪಿಂಚಣಿಯ ಹತ್ತಿರ ಬಂದವರ ಮೇಲೆ ಕಠಿಣವಾಗಬಾರದು. ದೀರ್ಘ ಸೇವೆಯನ್ನೂ ಕಷ್ಟದ ಠಾಣೆಗಳಲ್ಲಿ ಇದ್ದದ್ದನ್ನೂ ಗಮನಕ್ಕೆ ತೆಗೆದುಕೊಳ್ಳಬೇಕು. ನೋಟಿಸಿಗೆ ಮೊದಲು ನಿಷ್ಪಕ್ಷಪಾತವಾದ ವಿಚಾರಣೆ ನಡೆಯಬೇಕು. ನಿನ್ನ ತಮ್ಮ ಎಷ್ಟು ವರ್ಷ ಎತ್ತರದ ಹಿಮಪ್ರದೇಶದಲ್ಲೋ ಗಡಿಯಲ್ಲೋ ಇದ್ದ ಎಂಬುದನ್ನು ನೀನು ಬರೆದಿಲ್ಲ. ಅವನೂ ಹೇಳಿಕೊಂಡಿರಲಾರ. ಅದನ್ನು ಕೇಳಿ ಬರೆದಿಟ್ಟುಕೋ, ಆ ವರ್ಷಗಳು ಈ ಮನವಿಯಲ್ಲಿ ಎಣಿಕೆಗೆ ಬರುತ್ತವೆ.

ಉತ್ತರ: ವಕೀಲ, ಮಂಗಳೂರು

ಸುಬೇದಾರರು ತಳಪಾಯವನ್ನು ಸರಿಯಾಗಿ ಹಾಕಿಕೊಟ್ಟಿದ್ದಾರೆ. ನ್ಯಾಯಾಲಯಗಳು ಏನು ಹೇಳಿವೆ ಎಂಬುದನ್ನು ನಾನು ಸೇರಿಸುತ್ತೇನೆ, ನಿಮಗೆ ಅನುಕೂಲವಲ್ಲದ್ದನ್ನೂ ಸೇರಿಸಿ.

ಅನುಕೂಲವಾದದ್ದು 2015ರ ಅಕ್ಟೋಬರಿನಲ್ಲಿ ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ನಾಲ್ಕು ರೆಡ್ ಇಂಕ್ ಎಂಟ್ರಿಗಳಿವೆ ಎಂಬ ಒಂದೇ ಕಾರಣಕ್ಕೆ, 1988ರ ಪತ್ರದ ಕ್ರಮವನ್ನು ಪಾಲಿಸದೆ ಮಾಡಿದ ಡಿಸ್ಚಾರ್ಜ್ ನಿಲ್ಲುವುದಿಲ್ಲ ಎಂದು ಅದು ಹೇಳಿತು. ಆ ಜವಾನ ಪಿಂಚಣಿಗೆ ಬೇಕಾದ ಸೇವೆ ಪೂರ್ತಿಯಾಗುವವರೆಗೂ ಸೇವೆಯಲ್ಲಿದ್ದನೆಂದೇ ಭಾವಿಸಬೇಕೆಂದು ಆದೇಶಿಸಿತು. ಹಿಂದಿನ ಸಂಬಳ ಕೊಡಿಸಲಿಲ್ಲ, ಪಿಂಚಣಿ ಕೊಡಿಸಿತು. ನಿಮ್ಮ ತಮ್ಮನಿಗೆ ಬೇಕಾಗಿರುವ ಪರಿಹಾರದ ಅಚ್ಚು ಇದೇ.

ಪ್ರತಿಕೂಲವಾದದ್ದು 2019ರ ಸತ್ಗುರ್ ಸಿಂಗ್ ಪ್ರಕರಣ. ಅಲ್ಲಿಯೂ ರೆಡ್ ಇಂಕ್ ಎಂಟ್ರಿಗಳು, ಅಲ್ಲಿಯೂ ಅದೇ 1988ರ ಪತ್ರ. ಆದರೆ ಆ ಪತ್ರ ಹೇಳುವ ವಿಚಾರಣೆ ಕೋರ್ಟ್ ಆಫ್ ಇನ್‌ಕ್ವೈರಿಯಂಥ (ಸೇನೆಯೊಳಗಿನ ವಿಧಿವತ್ತಾದ ತನಿಖೆ) ವಿಚಾರಣೆಯಲ್ಲ, ಜವಾನನಿಂದ ವಿವರಣೆ ಪಡೆದು ಅದನ್ನು ಪರಿಶೀಲಿಸಿ ಆದೇಶ ಹೊರಡಿಸಿದರೆ ಸಾಕು ಎಂದ ಸುಪ್ರೀಂ ಕೋರ್ಟ್, ಕುಟುಂಬದ ತಾಪತ್ರಯಗಳನ್ನು ಅಸ್ಪಷ್ಟವಾಗಿ ಹೇಳಿದ್ದು ಬಿಟ್ಟರೆ ಅವನ ಉತ್ತರದಲ್ಲಿ ಏನೂ ಇರಲಿಲ್ಲವೆಂದು ಡಿಸ್ಚಾರ್ಜನ್ನು ಎತ್ತಿಹಿಡಿಯಿತು. 2023ರ ಜುಲೈಯಲ್ಲಿ ಮದನ್ ಪ್ರಸಾದ್ ಪ್ರಕರಣದಲ್ಲಿ 108 ದಿನ ರಜೆ ಮೀರಿದವನ ವಜಾ ಆದೇಶವೂ ಉಳಿಯಿತು. ರಜೆ ಮೀರುವುದನ್ನು ನ್ಯಾಯಾಲಯ ಸಣ್ಣ ವಿಷಯವೆಂದು ನೋಡುವುದಿಲ್ಲ, ಹಾಗೆ ವಾದಿಸಲೂ ಹೋಗಬೇಡಿ.

ನಿಮ್ಮ ಕೆಲಸ ಎಲ್ಲಿದೆ ಎಂಬುದು ಈ ಎರಡು ತೀರ್ಪುಗಳ ನಡುವೆಯೇ ಕಾಣುತ್ತದೆ. ಅಪ್ಪನಿಗೆ ಹುಷಾರಿರಲಿಲ್ಲ ಎಂದು ಬರೆದರೆ ಅದು ಅಸ್ಪಷ್ಟ ತಾಪತ್ರಯ. ಆಸ್ಪತ್ರೆಗೆ ಸೇರಿಸಿದ ತಾರೀಖು, ಬಿಡುಗಡೆಯ ಸಾರಾಂಶ, ಅಮ್ಮನ ಮರಣ ಪ್ರಮಾಣಪತ್ರ, ರಜೆ ಮುಗಿದ ದಿನ, ಯೂನಿಟ್‌ಗೆ ಫೋನ್ ಮಾಡಿದ ಅಥವಾ ರಜೆ ವಿಸ್ತರಣೆ ಕೇಳಿದ ದಾಖಲೆ, ಹಿಂದಿರುಗಿದ ರೈಲು ಟಿಕೆಟ್ ಇವೆಲ್ಲವನ್ನೂ ಒಂದೊಂದು ಎಂಟ್ರಿಯ ಪಕ್ಕಕ್ಕೆ ತಾರೀಖುವಾರು ಜೋಡಿಸಿದರೆ ಅದು ಸಾಕ್ಷ್ಯ. ಶೋಕಾಸ್ ಉತ್ತರದಲ್ಲಿ ಇದು ಬರದೇ ಹೋದದ್ದು ನಿಜವಾಗಿಯೂ ನಿಮ್ಮ ದುರ್ಬಲ ಸ್ಥಳ. ಆ ಉತ್ತರ ಯಾವ ಪರಿಸ್ಥಿತಿಯಲ್ಲಿ, ಎಷ್ಟು ಸಮಯದಲ್ಲಿ, ಯಾರ ಕೈಬರಹದಲ್ಲಿ ತಯಾರಾಯಿತು ಎಂಬುದನ್ನು ಮುಚ್ಚಿಡದೆ, ಉತ್ಪ್ರೇಕ್ಷೆಯೂ ಮಾಡದೆ ಬರೆಯಿರಿ. 2015ರ ಕುಡಿತದ ಎಂಟ್ರಿಯನ್ನು ಅಲ್ಲಗಳೆಯಬೇಡಿ. ಅದಾದ ಮೇಲೆ ಅಂಥದ್ದು ಮತ್ತೆ ಆಗಿಲ್ಲ ಎಂಬುದೇ ನಿಮ್ಮ ಪರವಾದ ಸಂಗತಿ.

ದಾರಿ ಹೀಗಿದೆ. ಮೊದಲು ರೆಕಾರ್ಡ್ ಆಫೀಸಿನ (ಜವಾನರ ಸೇವಾ ದಾಖಲೆಗಳನ್ನು ಇಡುವ ಕಚೇರಿ) ಮೂಲಕ ಸೇನಾ ಮುಖ್ಯಸ್ಥರಿಗೆ ಲಿಖಿತ ಮನವಿ. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅದು 2007ರ ಕಾಯ್ದೆಯಿಂದ ಬಂದದ್ದು. ಕರ್ನಾಟಕದವರಿಗೆ ಕೊಚ್ಚಿ ಪ್ರಾದೇಶಿಕ ಪೀಠ. ಇಲ್ಲಿಯವರಿಗೆ ಇದು ಒಂದು ರಾತ್ರಿಯ ಪ್ರಯಾಣ, ಸಂಜೆ ಮಂಗಳೂರು ಸೆಂಟ್ರಲ್‌ನಲ್ಲಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಎರ್ನಾಕುಲಂ. ಇಲಾಖೆಯೊಳಗಿನ ಪರಿಹಾರವನ್ನು ಕೇಳದೆ ಬಂದ ಅರ್ಜಿಯನ್ನು ಸಾಮಾನ್ಯವಾಗಿ ನ್ಯಾಯಮಂಡಳಿ ಸ್ವೀಕರಿಸುವುದಿಲ್ಲ (21ನೇ ಕಲಮು). ಮನವಿಗೆ ಅಂತಿಮ ಉತ್ತರ ಬಂದರೆ ಅಲ್ಲಿಂದ ಆರು ತಿಂಗಳೊಳಗೆ ಹೋಗಬೇಕು; ಆರು ತಿಂಗಳಾದರೂ ಉತ್ತರ ಬಾರದಿದ್ದರೆ ಒಳಗಿನ ಪರಿಹಾರ ಮುಗಿಯಿತೆಂದು ಪರಿಗಣಿಸಿ ಹೋಗಬಹುದು. ತಡವನ್ನು ಮನ್ನಿಸುವ ಅಧಿಕಾರ 22ನೇ ಕಲಮಿನಲ್ಲಿ ಇದೆ, ಆದರೆ ಅದನ್ನೇ ನೆಚ್ಚಬೇಡಿ. ಆದೇಶವಾಗಿ ಆರು ತಿಂಗಳು ತುಂಬುವ ಮೊದಲು, ಅಂದರೆ ಜುಲೈ ದಾಟದಂತೆ, ಮನವಿ ಸ್ಪೀಡ್ ಪೋಸ್ಟಿನಲ್ಲಿ ಹೋಗಿರಲಿ ಎಂಬುದು ನನ್ನ ಒತ್ತಾಯದ ಸಲಹೆ.

ಬೇಡಿಕೆಯನ್ನು ಮೆಟ್ಟಿಲುಮೆಟ್ಟಿಲಾಗಿ ಇಡಿ. ಡಿಸ್ಚಾರ್ಜ್ ರದ್ದಾಗಿ 15 ವರ್ಷದವರೆಗೆ ಸೇವೆಯಲ್ಲಿದ್ದನೆಂದು ಭಾವಿಸಿ ಪಿಂಚಣಿ ಕೊಡಬೇಕೆಂಬುದು ಮೊದಲನೆಯದು. ಅದು ಆಗದಿದ್ದರೆ ಸೇವೆಯ ಕೊರತೆಯನ್ನಾದರೂ ಮನ್ನಿಸಬೇಕೆಂಬುದು ಎರಡನೆಯದು. ಪಿಂಚಣಿ ನಿಯಮಗಳಲ್ಲಿ 12 ತಿಂಗಳವರೆಗಿನ ಕೊರತೆಯನ್ನು ಮನ್ನಿಸುವ ಅವಕಾಶವಿದೆ, ನಿಮ್ಮದು ಹತ್ತು ತಿಂಗಳು. ದುರ್ನಡತೆಗಾಗಿ ಡಿಸ್ಚಾರ್ಜ್ ಆದವರು ಕೇಂದ್ರ ಸರ್ಕಾರದ ಮರುನೇಮಕಾತಿ ನಿಯಮಗಳಲ್ಲಿ ಮಾಜಿ ಸೈನಿಕರೆಂಬ ವ್ಯಾಖ್ಯೆಗೆ ಸೇರುವುದಿಲ್ಲ. ಕಾವಲುಗಾರನ ಕೆಲಸ ಕೈತಪ್ಪಿದ್ದು ಅದರಿಂದಲೇ ಇರಬೇಕು, ಹಾಗಾಗಿ ಡಿಸ್ಚಾರ್ಜಿನ ಕಾರಣವನ್ನು ತಿದ್ದಬೇಕೆಂದು ಕೂಡ ಪ್ರತ್ಯೇಕವಾಗಿ ಕೇಳಿ.

ಉತ್ತರ: ಬೆಳ್ತಂಗಡಿಯಿಂದ

ಅಕ್ಕ, ನಾನೂ ರೆಡ್ ಇಂಕ್ ಎಂಟ್ರಿಗಳಿಂದಲೇ ಹೊರಬಂದವನು. ನನಗೆ ಆಗಿದ್ದದ್ದು ಒಂಬತ್ತು ವರ್ಷದ ಸೇವೆ. ಬಂದ ಮೇಲೆ ಊರವರಿಗೆ 'ರಜೆಯಲ್ಲಿದ್ದೇನೆ' ಎಂದೆ, ಆಮೇಲೆ 'ನಾನೇ ಬಿಟ್ಟೆ' ಎಂದೆ. ಹಾಗೆ ಹೇಳಿಕೊಂಡೇ ಆರು ವರ್ಷ ಕಳೆಯಿತು. ಅಷ್ಟು ಹೊತ್ತಿಗೆ ಆಸ್ಪತ್ರೆಯ ಕಾಗದಗಳನ್ನು ಗೆದ್ದಲು ತಿಂದಿತ್ತು, ಜೊತೆಗಿದ್ದವರು ಬೇರೆ ಬೇರೆ ಕಡೆಗೆ ವರ್ಗವಾಗಿದ್ದರು. ನ್ಯಾಯಮಂಡಳಿಗೆ ಹೋದಾಗ ನನ್ನ ಅರ್ಜಿ ತಡದ ಪ್ರಶ್ನೆಯಲ್ಲಿಯೇ ಬಿದ್ದುಹೋಯಿತು, ಒಳಗಿನ ವಿಷಯವನ್ನು ಯಾರೂ ಕೇಳುವ ಹಂತಕ್ಕೇ ಬರಲಿಲ್ಲ. ನಿಮ್ಮ ತಮ್ಮ ಮನೆಯಿಂದ ಹೊರಗೆ ಬರುತ್ತಿಲ್ಲ ಎಂದು ಓದಿ ಬಹಳ ಸಂಕಟವಾಯಿತು. ಕಾಗದಗಳನ್ನು ನೀವೇ ಒಟ್ಟು ಮಾಡಿ, ಅವನು ಮಾಡಲಿ ಎಂದು ಕಾಯಬೇಡಿ. ಸಹಿ ಹಾಕಲು ಮಾತ್ರ ಅವನನ್ನು ಕೂರಿಸಿದರೂ ಸಾಕು. ಅವನಿಗೆ ಮಾತನಾಡಬೇಕು ಎನಿಸಿದರೆ ಇಲ್ಲಿಯೇ ನನಗೆ ಖಾಸಗಿಯಾಗಿ ಬರೆಯಲಿ.

ಬ್ರಹ್ಮಾವರದ ಅಕ್ಕ

ಎಲ್ಲರಿಗೂ ಋಣಿಯಾಗಿದ್ದೇನೆ. ನಿನ್ನೆ ಅವನ ಕಪ್ಪು ಟ್ರಂಕನ್ನು ತೆಗೆಸಿದೆವು. ಪ್ರಮಾಣಪತ್ರದಲ್ಲಿ ಸುಬೇದಾರರು ಹೇಳಿದ ನಿಯಮವೇ ಇದೆ, 'ಸೇವೆಯ ಅಗತ್ಯವಿಲ್ಲ' ಎಂಬ ಅರ್ಥದ ಒಂದು ಸಾಲು ಕಾರಣವಾಗಿ ಬರೆದಿದೆ. ಇಂಗ್ಲಿಷ್ ಪ್ರತಿ ಮಾತ್ರ ಇದೆ, ಕನ್ನಡದ್ದು ಇಲ್ಲ. 2022ರ ಆಸ್ಪತ್ರೆಯ ಬಿಡುಗಡೆ ಸಾರಾಂಶ ಸಿಕ್ಕಿತು. ಅಪ್ಪನನ್ನು ಸೇರಿಸಿದ್ದು ಇವನ ರಜೆ ಮುಗಿಯುವುದಕ್ಕೆ ಎರಡು ದಿನ ಮೊದಲು. ಸುಬೇದಾರರು ಕೇಳಿದ್ದನ್ನೂ ಕೇಳಿದೆ. ಎರಡು ಅವಧಿ ಸೇರಿ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಲಡಾಖಿನಲ್ಲಿದ್ದನಂತೆ. ಇಷ್ಟು ವರ್ಷ ನಮಗೆ ಅವನು 'ಚಳಿ ಇದೆ' ಎಂದಷ್ಟೇ ಹೇಳಿದ್ದ. ವಿಚಾರಣೆ ನಡೆದಿತ್ತೋ ಇಲ್ಲವೋ ಎಂಬುದನ್ನು ತಿಳಿಯುವುದು ಹೇಗೆ?

ವಕೀಲ, ಮಂಗಳೂರು

ಮಾಹಿತಿ ಹಕ್ಕು ಅರ್ಜಿಯಿಂದ. ಸೇನೆಯನ್ನು ಆ ಕಾಯ್ದೆಯಿಂದ ಹೊರಗಿಟ್ಟಿಲ್ಲ. ರೆಕಾರ್ಡ್ ಆಫೀಸಿನ ಮಾಹಿತಿ ಅಧಿಕಾರಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ತಮ್ಮನ ಸಹಿಯಲ್ಲಿಯೇ ಕಳುಹಿಸಿ. ಕಂಡಕ್ಟ್ ಶೀಟಿನ ಪ್ರತಿ, ನಾಲ್ಕೂ ಎಂಟ್ರಿಗಳ ಶಿಕ್ಷೆಯ ಆದೇಶಗಳು, ಶೋಕಾಸ್ ನೋಟಿಸ್ ಮತ್ತು ಅದರ ಉತ್ತರ, ನೋಟಿಸಿಗೆ ಮೊದಲು ನಡೆದ ವಿಚಾರಣೆಯ ನಡವಳಿ, ಮೇಲಧಿಕಾರಿಗಳ ಶಿಫಾರಸುಗಳು, ಡಿಸ್ಚಾರ್ಜ್ ಮಂಜೂರಾತಿ ಆದೇಶ ಇಷ್ಟನ್ನೂ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ವಿಚಾರಣೆಯ ನಡವಳಿ ಇಲ್ಲವೆಂದು ಅವರೇ ಬರೆದುಕೊಟ್ಟರೆ ಆ ಒಂದು ಹಾಳೆ ನಿಮ್ಮ ಪ್ರಕರಣದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಮನವಿಯನ್ನು ಮಾತ್ರ ಈ ಉತ್ತರಕ್ಕಾಗಿ ತಡೆಹಿಡಿಯಬೇಡಿ, ಎರಡನ್ನೂ ಒಟ್ಟಿಗೆ ಕಳುಹಿಸಿ. ವಕೀಲರ ಶುಲ್ಕ ಹೊರೆಯಾದರೆ ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಅವನ ಹೆಸರನ್ನಾಗಲಿ ಸೇನಾ ಸಂಖ್ಯೆಯನ್ನಾಗಲಿ ಇಲ್ಲಿ ಹಾಕಬೇಡಿ.

ಬ್ರಹ್ಮಾವರದ ಅಕ್ಕ

ಇಂದು ಬ್ರಹ್ಮಾವರ ಅಂಚೆ ಕಚೇರಿಯಿಂದ ಎರಡೂ ಲಕೋಟೆಗಳನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದೆವು. ಸುಬೇದಾರ್ ಸಾಹೇಬರು ಕಾರ್ಕಳದಿಂದ ಬಸ್ಸಿನಲ್ಲಿ ಬಂದು ಮನವಿಯ ಕರಡನ್ನು ಸಾಲುಸಾಲಾಗಿ ಓದಿ, ಲಡಾಖಿನ ಎರಡು ಅವಧಿಗಳನ್ನು ತಾರೀಖು ಸಮೇತ ಮೊದಲ ಪುಟಕ್ಕೆ ತರಿಸಿದರು. ಅಂಚೆ ಕಚೇರಿಗೆ ತಮ್ಮನೂ ಬಂದಿದ್ದ. ರಸೀದಿಗಳು ಅವನ ಬಳಿಯೇ ಇವೆ. ಬೆಳ್ತಂಗಡಿಯವರಿಗೆ ಇಂದು ರಾತ್ರಿ ಬರೆಯುತ್ತೇನೆ ಎಂದಿದ್ದಾನೆ.