ರಾಮ್, ಕಾಕಟೂಯ್ಡಿಸ್, ಕ್ರಿಬೆನ್ಸಿಸ್ ಒಟ್ಟಿಗೆ: ರಾಮ್‌ಗಳು ಫಿಲ್ಟರಿನ ಹಿಂದಿನಿಂದ ಹೊರಗೇ ಬರುತ್ತಿಲ್ಲ

ಪೆರ್ಲ_ತೋಟ:
ಡ್ವಾರ್ಫ್ ಸಿಕ್ಲಿಡ್‌ಗಳೆಲ್ಲ ಸಣ್ಣ ಮೀನುಗಳೇ, ಒಟ್ಟಿಗೆ ಇಡಬಹುದು ಎಂದು ಅಂಗಡಿಯವರು ಹೇಳಿದ್ದನ್ನು ನಂಬಿ ಜರ್ಮನ್ ಬ್ಲೂ ರಾಮ್ ಒಂದು ಜೋಡಿ, ಕಾಕಟೂಯ್ಡಿಸ್ ಒಂದು ಜೋಡಿ ಮತ್ತು ಒಂದು ಕ್ರಿಬೆನ್ಸಿಸ್ ತಂದು ಐದು ವಾರಗಳಾದವು. ಮೊದಲ ತಿಂಗಳು ಯಾವ ತೊಂದರೆಯೂ ಇರಲಿಲ್ಲ. ಈಗ ರಾಮ್‌ಗಳ ಬಣ್ಣ ಕಪ್ಪಾಗಿದೆ, ರೆಕ್ಕೆಗಳು ಹರಿದಿವೆ, ಊಟಕ್ಕೂ ಕೆಳಗೆ ಇಳಿಯುವುದಿಲ್ಲ. ಔಷಧ ಹಾಕಿದೆ, ಎರಡು ಬಾರಿ ನೀರು ಬದಲಿಸಿದೆ, ಏನೂ ಪ್ರಯೋಜನವಾಗಲಿಲ್ಲ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಬಾಯಾರು_ಸುರಂಗ:
ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ನೀವು ಬರೆದಿಲ್ಲ. ಪೆರ್ಲದ ಕಡೆಯವರಾದರೆ ಸುರಂಗದ, ಎಂದರೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿಯ, ನೀರೇ ಇರಬೇಕು. ಮುರಕಲ್ಲಿನ ಮೂಲಕ ಒಸರಿ ಬರುವ ನೀರಿನಲ್ಲಿ ಖನಿಜಾಂಶ ಬಹಳ ಕಡಿಮೆ, ಹಾಗಾಗಿ ಟ್ಯಾಂಕಿನಲ್ಲಿ ಪಿಎಚ್ ಯಾವ ದಿನವೂ ಕುಸಿದು ನೀರು ಆಮ್ಲೀಯವಾಗಬಹುದು. ಅದೇ ಕಾರಣವಾಗಿರಬೇಕು. ಮೊದಲು ಪಿಎಚ್ ಅಳೆಯಿರಿ.

ಪೆರ್ಲ_ತೋಟ:
ಹೌದು, ಸುರಂಗದ ನೀರೇ. ಪಿಎಚ್ 6.4. ಅಮೋನಿಯ ಇಲ್ಲ.

ಬಾಯಾರು_ಸುರಂಗ:
ಇಂದು 6.4 ಇದ್ದುದು ನಾಳೆಯೂ ಹಾಗೆಯೇ ಇರುತ್ತದೆ ಎನ್ನಲಾಗದು. ನನ್ನ ಟ್ಯಾಂಕಿನಲ್ಲಿ ಒಂದು ಮಳೆಗಾಲದಲ್ಲಿ ಅದು 5ರ ಹತ್ತಿರಕ್ಕೆ ಇಳಿದು ಮೀನುಗಳು ಸತ್ತವು. ಒಂದು ಹಿಡಿ ಮರ್ವಾಯಿ ಚಿಪ್ಪನ್ನು (ಕಪ್ಪೆಚಿಪ್ಪು) ತೊಳೆದು ಫಿಲ್ಟರಿಗೆ ಹಾಕಿ, ನೀರು ನಿಧಾನವಾಗಿ ಗಡಸಾಗಿ ಸ್ಥಿರವಾಗುತ್ತದೆ.

ಕುಂಬಳೆ_ಕಡವು:
ಚಿಪ್ಪಿನ ಸಲಹೆಯನ್ನು ನಾನು ಒಪ್ಪುವುದಿಲ್ಲ. ರಾಮ್ ಒರಿನೊಕೊ ನದೀಬಯಲಿನ ಮೀನು, ಕಾಕಟೂಯ್ಡಿಸ್ ಅಮೆಜಾನಿನ ಮೇಲ್ದಂಡೆಯದು. ಮೆದು ನೀರು ಸಿಗುವುದೇ ಈ ಮೀನುಗಳನ್ನು ಸಾಕುವವರ ಭಾಗ್ಯ. ಬೇರೆ ಊರಿನವರು ಅದಕ್ಕಾಗಿ ಆರ್‌ಒ ಯಂತ್ರ ಇಡುತ್ತಾರೆ, ನಮಗೆ ಗುಡ್ಡದಿಂದಲೇ ಬರುತ್ತದೆ. ಅದನ್ನು ಚಿಪ್ಪು ಹಾಕಿ ಗಡಸು ಮಾಡುವುದೇಕೆ?

ಬಾಯಾರು_ಸುರಂಗ:
ಮೆದು ನೀರು ಬೇರೆ, ಪಿಎಚ್ ಕುಸಿಯದಂತೆ ಹಿಡಿದಿಡುವ ಖನಿಜಾಂಶವೇ ಇಲ್ಲದ ನೀರು ಬೇರೆ. ಸತ್ತ ಮೀನುಗಳನ್ನು ನಾನು ಕೈಯಾರೆ ಹೊರಗೆ ತೆಗೆದಿದ್ದೇನೆ.

ನೀಲೇಶ್ವರ_ನಾಲ್ಕಡಿ:
ನನ್ನ ನಾಲ್ಕಡಿ ಟ್ಯಾಂಕಿನಲ್ಲಿ ಬೊಲಿವಿಯನ್ ರಾಮ್ ಮತ್ತು ಕಾಕಟೂಯ್ಡಿಸ್ ಎರಡು ವರ್ಷದಿಂದ ಜೊತೆಗಿವೆ. ನೆಲದ ತುಂಬ ಮರಳು, ಎರಡು ದೊಡ್ಡ ಬೇರುಗಳು, ಮೇಲೆ ಇಪ್ಪತ್ತು ಕಾರ್ಡಿನಲ್ ಟೆಟ್ರಾಗಳು, ನಾಟಿ ಬಾದಾಮಿಯ ಒಣ ಎಲೆಗಳಿಂದ ಚಹಾದಂಥ ನೀರು. ಒಂದು ದಿನವೂ ರೆಕ್ಕೆ ಹರಿದದ್ದಿಲ್ಲ. ಇಂಥ ಜಾತಿಗಳು ಒಟ್ಟಿಗೆ ಹೊಂದಿಕೊಳ್ಳುವುದಿಲ್ಲ ಎಂದು ಕೆಲವರು ಹೇಳುತ್ತಾರೆ, ಅದು ಸರಿಯಲ್ಲ.

ಕುಂಬಳೆ_ಕಡವು:
ನಾಲ್ಕಡಿಯಲ್ಲಿ ನಡೆದದ್ದು ಎಲ್ಲೆಡೆ ನಡೆಯುವುದಿಲ್ಲ. ಪೆರ್ಲದವರೇ, ನಿಮ್ಮ ಟ್ಯಾಂಕಿನ ಅಳತೆ ಎಷ್ಟು? ಉಳಿದ ಮೂರು ಮೀನುಗಳು ಏನು ಮಾಡುತ್ತಿವೆ?

ಪೆರ್ಲ_ತೋಟ:
ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಕ್ರಿಬೆನ್ಸಿಸ್ ಒಂದು ಮೂಲೆಯ ಗೆರಟೆಯನ್ನು (ತೆಂಗಿನ ಕರಟ) ಬಿಟ್ಟು ಹೋಗುವುದಿಲ್ಲ. ಕಾಕಟೂಯ್ಡಿಸ್ ಹೆಣ್ಣಿಗೆ ಕಾಮಾಲೆಯಂತೆ ಮೈಯೆಲ್ಲ ಹಳದಿಯಾಗಿ ಕಪ್ಪು ಕಲೆಗಳು ಬಂದಿವೆ, ಅದು ಇನ್ನೊಂದು ಗೆರಟೆಯ ಬಾಯಲ್ಲೇ ನಿಂತಿರುತ್ತದೆ. ರಾಮ್‌ಗಳಿಗೆ ಸಂಬಂಧವಿಲ್ಲವೆಂದು ಅದನ್ನು ಬರೆಯಲಿಲ್ಲ.

ಕುಂಬಳೆ_ಕಡವು:
ಸಂಬಂಧ ಇರುವುದೇ ಅಲ್ಲಿ. ಅದು ಕಾಯಿಲೆಯಲ್ಲ, ಗೆರಟೆಯ ಒಳಮಾಡಿನಲ್ಲಿ ಮೊಟ್ಟೆಗಳಿರಬೇಕು, ಟಾರ್ಚ್ ಹಿಡಿದು ನೋಡಿ. ಮೊಟ್ಟೆ ಕಾಯುವ ಅಪಿಸ್ಟೊಗ್ರಾಮ (ಕಾಕಟೂಯ್ಡಿಸ್ ಸೇರಿದ ಕುಲ) ಹೆಣ್ಣಿನ ಬಣ್ಣವೇ ಅದು, ಐದು ಸೆಂಟಿಮೀಟರಿನ ಆ ಜೀವ ಆಗ ತನಗಿಂತ ದೊಡ್ಡ ಮೀನನ್ನೂ ಅಟ್ಟುತ್ತದೆ. ಎರಡಡಿ ಟ್ಯಾಂಕಿನ ನೆಲ ಒಂದು ಜೋಡಿಗಷ್ಟೇ ಸಾಲುವ ಜಾಗ. ಅದರ ಒಂದು ಕಡೆಯನ್ನು ಈ ತಾಯಿ, ಇನ್ನೊಂದು ಕಡೆಯನ್ನು ಪಶ್ಚಿಮ ಆಫ್ರಿಕದಿಂದ ಬಂದ, ಗುಹೆಯಲ್ಲೇ ಮೊಟ್ಟೆಯಿಡುವ ಕ್ರಿಬೆನ್ಸಿಸ್ ಹಿಡಿದಿರುವಾಗ, ಬಯಲಿನ ಕಲ್ಲಿನ ಮೇಲೆ ಮೊಟ್ಟೆಯಿಡುವ ಸಾಧು ಸ್ವಭಾವದ ರಾಮ್‌ಗಳಿಗೆ ನಿಲ್ಲಲು ನೆಲವೇ ಉಳಿದಿಲ್ಲ. ಫಿಲ್ಟರಿನ ಹಿಂದೆ ಸೇರಿಕೊಂಡದ್ದು ಅದಕ್ಕಾಗಿ. ಬಿಸಿಯ ಲೆಕ್ಕವೂ ಇದೆ: ರಾಮ್‌ಗೆ 28 ಡಿಗ್ರಿಯ ಆಸುಪಾಸು ಬೇಕು, ಕಾಕಟೂಯ್ಡಿಸ್‌ಗೆ 25–26 ಸಾಕು. ಮಳೆಗಾಲದಲ್ಲಿ ಹೀಟರ್ ಇಲ್ಲದಿದ್ದರೆ ಮೊದಲು ಸೋಲುವುದು ರಾಮ್.

ಹಾಗಾಗಿ ಯಾವ ಜಾತಿಗೆ ಯಾವ ಜಾತಿ ಹೊಂದುತ್ತದೆ ಎನ್ನುವುದಕ್ಕಿಂತ ಮೊದಲು ನೆಲ ಎಷ್ಟಿದೆ ಎಂದು ನೋಡಬೇಕು. ಕ್ರಿಬೆನ್ಸಿಸನ್ನು ಇಂದೇ ಹಿಂದಿರುಗಿಸಿ. ರಾಮ್ ಜೋಡಿಗೆ ಬೇರೆ ಟ್ಯಾಂಕ್ ಮಾಡಿ, ಔಷಧ ಬೇಡ, ಶುದ್ಧ ನೀರಿನಲ್ಲಿ ರೆಕ್ಕೆ ತಾನಾಗಿ ಬೆಳೆಯುತ್ತದೆ. ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯ ಇನ್ನೂ ಬೆಳೆಯದ ಹೊಸ ಟ್ಯಾಂಕಿನಲ್ಲಿ ರಾಮ್ ಬಾಳುವುದಿಲ್ಲ, ಆದ್ದರಿಂದ ಈಗಿನ ಟ್ಯಾಂಕಿನ ಹಳೆಯ ಸ್ಪಾಂಜನ್ನೇ ಅದರ ಫಿಲ್ಟರಿಗೆ ಹಾಕಿ.

ನೀಲೇಶ್ವರ_ನಾಲ್ಕಡಿ:
ಕ್ರಿಬೆನ್ಸಿಸಿನ ಬದಲು ನಮ್ಮ ಹಿನ್ನೀರಿನ ಪಳ್ಳತ್ತಿಯನ್ನು ಬಿಡಬಹುದಲ್ಲವೇ? ಅದೂ ಸಣ್ಣ ಸಿಕ್ಲಿಡ್, ಕರಿಮೀನಿನ ಸಂಬಂಧಿ, ನಮ್ಮದೇ ನಾಡಿನದು.

ಕುಂಬಳೆ_ಕಡವು:
ಪಳ್ಳತ್ತಿ ನನಗೂ ಪ್ರಿಯವಾದ ಮೀನು, ಆದರೆ ಅದಕ್ಕೆ ಒಗ್ಗುವುದು ಗಡಸು ನೀರು, ಸ್ವಲ್ಪ ಉಪ್ಪಿದ್ದರೆ ಇನ್ನೂ ಒಳ್ಳೆಯದು. ಸುರಂಗದ ನೀರಿನಲ್ಲಿ ಅದನ್ನು ಬಿಡಬೇಡಿ. ಅದರ ಟ್ಯಾಂಕಿಗಾದರೆ ಬಾಯಾರಿನವರ ಮರ್ವಾಯಿ ಚಿಪ್ಪನ್ನು ಧಾರಾಳವಾಗಿ ಹಾಕಬಹುದು.

ಬಾಯಾರು_ಸುರಂಗ:
ಜಾಗದ ಮಾತು ಸರಿ, ಒಪ್ಪಿದೆ. ಆದರೂ ವಾರಕ್ಕೊಮ್ಮೆ ಪಿಎಚ್ ನೋಡಿ, ಸ್ವಲ್ಪ ಸ್ವಲ್ಪವೇ ನೀರು ಬದಲಿಸಿ.

ಪೆರ್ಲ_ತೋಟ:
ಟಾರ್ಚ್ ಹಿಡಿದು ನೋಡಿದೆ, ಗೆರಟೆಯ ಒಳಗೆ ಕೆಂಪು ಮೊಟ್ಟೆಗಳಿವೆ. ಕ್ರಿಬೆನ್ಸಿಸ್ ಅಂಗಡಿಗೆ ಹೋಯಿತು. ರಾಮ್‌ಗಳು ಬೇರೆ ಟ್ಯಾಂಕಿನಲ್ಲಿ ಇಂದು ಸಂಜೆ ಮೊದಲ ಬಾರಿಗೆ ಕೆಳಗಿಳಿದು ತಿಂದವು. ಆದರೆ ಕಾಕಟೂಯ್ಡಿಸ್ ಹೆಣ್ಣು ಈಗ ತನ್ನ ಗಂಡನ್ನೇ ಅಟ್ಟುತ್ತಿದೆ, ಗಂಡಿನ ಬಾಲದ ತುದಿ ಹರಿದಿದೆ. ಅದನ್ನೂ ತೆಗೆಯಬೇಕೇ?

ಕುಂಬಳೆ_ಕಡವು:
ಗೆರಟೆಗೂ ಗಂಡಿಗೂ ನಡುವೆ ಮರದ ಬೇರನ್ನೋ ದಟ್ಟ ಗಿಡಗಳನ್ನೋ ಇಟ್ಟು ಒಂದು ದಿನ ಕಾಯಿರಿ, ಕಣ್ಣಿಗೆ ಬೀಳದಿದ್ದರೆ ಹೆಣ್ಣು ಹೆಚ್ಚಾಗಿ ಸುಮ್ಮನಾಗುತ್ತದೆ. ನಾಳೆ ಬೆಳಿಗ್ಗೆ ಬಾಲ ಇನ್ನಷ್ಟು ಹರಿದಿದ್ದರೆ ಮರಿಗಳು ಈಜುವವರೆಗೆ ಗಂಡನ್ನು ಬೇರೆಯಿಡಿ.