ಗಮ್ ಪ್ರಿಂಟ್‌ನಲ್ಲಿ ಬಣ್ಣ ಕಾಗದಕ್ಕೆ ಕಚ್ಚಿದರೆ ಏನು ಮಾಡುತ್ತೀರಿ?

ಕೇಳಿದವರು, ಬಾಗಲಕೋಟೆಯಿಂದ:
ಬಾದಾಮಿಯ ಭೂತನಾಥ ಗುಡಿಯ ಚಿತ್ರವನ್ನು ಗಮ್ ಡೈಕ್ರೊಮೇಟ್ ವಿಧಾನದಲ್ಲಿ ಮುದ್ರಿಸುತ್ತಿದ್ದೇನೆ (ಅಂಟು, ಬಣ್ಣ, ಡೈಕ್ರೊಮೇಟ್ ಲವಣ ಕಲಸಿ ಕಾಗದಕ್ಕೆ ಬಳಿಯುವುದು; ಬಿಸಿಲು ಬಿದ್ದಲ್ಲಿ ಅಂಟು ಗಟ್ಟಿಯಾಗಿ ಬಣ್ಣ ಹಿಡಿಯುತ್ತದೆ, ಉಳಿದದ್ದು ನೀರಿನಲ್ಲಿ ತೊಳೆದುಹೋಗಬೇಕು). ಬಿಳಿಯಾಗಬೇಕಾದ ಆಕಾಶ ತೆಳು ನೀಲಿಯಾಗಿಯೇ ಉಳಿಯುತ್ತದೆ. ಬಣ್ಣ ಥ್ಯಾಲೊ ನೀಲಿ. ಕಾಗದ ಜಲವರ್ಣದ್ದು, 300 ಜಿಎಸ್ಎಂ, ಬಣ್ಣ ನಾರಿನೊಳಗೆ ಇಳಿಯದಂತೆ ತಡೆಯುವ ಜೆಲಾಟಿನ್ ಲೇಪ ಕೊಟ್ಟಿಲ್ಲ. ಅಂಟು ಮತ್ತು ಬಣ್ಣವನ್ನಷ್ಟೇ ಕಲಸಿ ಬಳಿದು, ಒಣಗಿಸಿ ತೊಳೆದಾಗ ಪೂರ್ತಿ ಬಿಟ್ಟಿತ್ತು. ಮುದ್ರಿಸುವಾಗ ಮಾತ್ರ ಕಚ್ಚುತ್ತದೆ. ತಪ್ಪು ಎಲ್ಲಿದೆ?

ಬೆಳಗಾವಿಯಿಂದ:
ಸರ್, ಆ ಪರೀಕ್ಷೆಯನ್ನು ನಂಬಿ ನಾನೂ ಒಂದು ವರ್ಷ ಕೆಟ್ಟಿದ್ದೇನೆ. ಬರಿಯ ಅಂಟು ಮಂದವಾಗಿದ್ದು ಕಾಗದದ ಮೇಲೆಯೇ ಕುಳಿತಿರುತ್ತದೆ. ಸಮಪಾಲು ಡೈಕ್ರೊಮೇಟ್ ದ್ರಾವಣ ಬೆರೆತೊಡನೆ ನೀರಾಗಿ ನಾರಿನೊಳಗೆ ಇಳಿಯುತ್ತದೆ, ಬಣ್ಣವನ್ನೂ ಜೊತೆಗೆ ಕರೆದೊಯ್ಯುತ್ತದೆ. ಇದಕ್ಕೆ ತದ್ವಿರುದ್ಧವೂ ಆಗಿದೆ: ಬರಿಯ ಅಂಟಿನಲ್ಲಿ ಕಲೆ ಉಳಿಸಿದ ಕಪ್ಪು ಬಣ್ಣ ಮುದ್ರಣದಲ್ಲಿ ಸ್ವಚ್ಛವಾಗಿ ತೊಳೆದುಹೋಯಿತು. ಮುದ್ರಿಸುವ ಮಿಶ್ರಣವನ್ನೇ, ಮುದ್ರಿಸುವ ಕಾಗದದ ಮೇಲೆಯೇ ನೋಡಬೇಕು.

ನಾನು ಮಾಡುವುದು ಹೀಗೆ. ಮೂರು ಬೆರಳಗಲದ ಪಟ್ಟಿಗಳನ್ನು ಕತ್ತರಿಸಿ, ಹಿಂಬದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಮಂದ ಹಳದಿ ಬಲ್ಬಿನ ಬೆಳಕಿನಲ್ಲಿ ಬಳಿಯುತ್ತೇನೆ. ಬಿಸಿಲು ತೋರಿಸುವುದೇ ಇಲ್ಲ. ಒಂದನ್ನು ಒಣಗಿದ ತಕ್ಷಣ ನೀರಿನಲ್ಲಿ ಬೋರಲಾಗಿ ತೇಲಿಬಿಡುತ್ತೇನೆ. ನೀರು ಬದಲಿಸುತ್ತ ಅರ್ಧ ಗಂಟೆ. ಇನ್ನೊಂದನ್ನು ನಾಲ್ಕು ಗಂಟೆ ಕತ್ತಲ ಕಪಾಟಿನಲ್ಲಿಟ್ಟು ಆಮೇಲೆ ತೊಳೆಯುತ್ತೇನೆ. ಮೊದಲನೆಯದರಲ್ಲಿಯೇ ಕಲೆ ಉಳಿದರೆ ಅದು ಬಣ್ಣದ್ದು ಅಥವಾ ಕಾಗದದ್ದು. ಮೊದಲನೆಯದು ಬೆಳ್ಳಗಾಗಿ ಎರಡನೆಯದು ಕಚ್ಚಿದರೆ ಬಣ್ಣವನ್ನು ಬೈಯಬೇಡಿ; ಡೈಕ್ರೊಮೇಟ್ ಕತ್ತಲಲ್ಲಿಯೇ ಅಂಟನ್ನು ಗಟ್ಟಿ ಮಾಡಿದೆ. ನಮ್ಮಲ್ಲಿ ಜುಲೈ ಮಳೆ ಹಿಡಿದು ಗೋಡೆ ಬೆವರುವ ದಿನಗಳಲ್ಲಿ ಬೆಳಿಗ್ಗೆ ಬಳಿದ ಹಾಳೆಯ ಬಣ್ಣ ಸಂಜೆಗೆ ತೊಳೆದರೂ ಕದಲುವುದಿಲ್ಲ. ಕಲೆ ನೀಲಿಯಲ್ಲದೆ ಹಳದಿ-ಕಂದಾಗಿದ್ದರೆ ಅದು ಡೈಕ್ರೊಮೇಟಿನದೇ. ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ತೆಳು ದ್ರಾವಣದಲ್ಲಿ ಹೋಗುತ್ತದೆ.

ಥ್ಯಾಲೊ ನೀಲಿ ಹೇಗೂ ಹಟಮಾರಿ. ಅದೇ ಕಾಗದದ ಮೇಲೆ ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣದ ಪಟ್ಟಿಯನ್ನೂ ಇಟ್ಟು ಹೋಲಿಸಿ.

ವಿಜಯಪುರದಿಂದ:
ಬೆಳಗಾವಿಯ ಅಕ್ಕನವರು ಹೇಳಿದ್ದು ಸರಿ. ತೊಳೆಯುವ ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ ಎನ್ನುತ್ತೇನೆ. ಕಾಗದಕ್ಕೆ 3 ಶೇಕಡಾ ಜೆಲಾಟಿನ್ ಹಚ್ಚಿದ್ದೆ, ಆದರೆ ಅದನ್ನು ಫಾರ್ಮಲಿನ್‌ನಲ್ಲಿ ಗಟ್ಟಿಗೊಳಿಸಿರಲಿಲ್ಲ. ಏಪ್ರಿಲ್ ಮಧ್ಯಾಹ್ನ ಮಾಳಿಗೆಯ ಟ್ಯಾಂಕಿನ ನೀರು ಬಿಟ್ಟೆ. ಅದೋ ಚಹಾಕ್ಕೆ ಇಟ್ಟ ನೀರಿನಂತಿತ್ತು. ಜೆಲಾಟಿನ್ ಕರಗಿ ಹೋಯಿತು, ಮುಂದಿನ ಲೇಪದಲ್ಲಿ ಆಕಾಶದ ತುಂಬ ಸಾಸಿವೆ ಚೆಲ್ಲಿದಂತೆ ಚುಕ್ಕೆಗಳು. ಈಗ ರಾತ್ರಿ ಹರವಿಯಲ್ಲಿ ತುಂಬಿಟ್ಟ ನೀರನ್ನೇ ಬಳಸುತ್ತೇನೆ. ಫಾರ್ಮಲಿನ್ ಕೆಲಸವನ್ನು ಮಾತ್ರ ಬಯಲಿನಲ್ಲಿಯೇ ಮಾಡಿ, ಅದರ ಆವಿ ಕೆಟ್ಟದ್ದು. ಡೈಕ್ರೊಮೇಟ್ ಕೂಡ ಕೆಟ್ಟದ್ದು, ಎರಡೂ ಕ್ಯಾನ್ಸರ್ ತರುವ ವಸ್ತುಗಳು. ಪಟ್ಟಿ ಎಷ್ಟೇ ಚಿಕ್ಕದಿರಲಿ ಕೈಗವಸು ಬಿಡಬೇಡಿ, ಅಡುಗೆಮನೆಯ ಪಾತ್ರೆ ಮುಟ್ಟಬೇಡಿ.

ಇನ್ನೊಂದು ಮಾತು, ನಗಬೇಡಿ. ಅಮೀನಗಡದ ಕರದಂಟಿಗೆ ಹಾಕುವಂಥ ಅಂಟನ್ನೇ ತಂದು ನೆನೆಸಿ ನೋಡಿದ್ದೇನೆ. ಕೆಲವು ತುಣುಕು ಕರಗಿದವು, ಕೆಲವು ಉಬ್ಬಿ ಕುಳಿತವು. ಬಟ್ಟೆಯಲ್ಲಿ ಸೋಸಿದರೂ ಗಂಟುಗಳು ಉಳಿದು, ಕಲೆ ಅಂಟಿನದೋ ಬಣ್ಣದ್ದೋ ತಿಳಿಯದಾಯಿತು. ಪರೀಕ್ಷೆಗೆ ಚಿತ್ರಕಲಾ ಸಾಮಗ್ರಿಯ ಅಂಗಡಿಯ ಗಮ್ ಅರೇಬಿಕ್ ದ್ರಾವಣವೇ ವಾಸಿ. ಉಳಿದ ಅಂಟು ಹೆಂಡತಿಯ ಕೈಯಲ್ಲಿ ಉಂಡೆಯಾಯಿತು.

ಕೇಳಿದವರು, ಮರಳಿ:
ನಾಲ್ಕು ಪಟ್ಟಿ ಮಾಡಿದೆ. ಥ್ಯಾಲೊ, ಒಣಗಿದ ತಕ್ಷಣ ತೊಳೆದದ್ದು: ನೀಲಿ. ನಾಲ್ಕು ಗಂಟೆ ಇಟ್ಟದ್ದು: ಅಷ್ಟೇ ನೀಲಿ, ಹೆಚ್ಚೇನಿಲ್ಲ. ಬರ್ನ್ಟ್ ಅಂಬರ್ ಎರಡರಲ್ಲಿಯೂ ಬಹುತೇಕ ಬಿಳಿ. ಅಂದರೆ ಕತ್ತಲಿನ ತಪ್ಪಲ್ಲ, ಲೇಪವಿಲ್ಲದ ಕಾಗದವೂ ಆ ನೀಲಿಯೂ ಸೇರಿ ಮಾಡಿದ್ದು. ಜೆಲಾಟಿನ್ ನೆನೆಯಲು ಇಟ್ಟಿದ್ದೇನೆ.